ಸಂಘದ ಒಪ್ಪಂದದಲ್ಲಿ ಕೆಳದರ್ಜೆಯವರ ಪಾಲೆಷ್ಟು?

ಕಾರ್ಮಿಕ ಸಂಘಗಳು ಮಾಲೀಕರೊಡನೆ ಮಾಡಿಕೊಳ್ಳುವ ವೇತನ ಒಪ್ಪಂದಗಳಿಂದ ಅತಿ ಕಡಿಮೆ ಸಂಬಳದವರಿಗೆ ನಿಜವಾಗಿ ಏನು ದಕ್ಕುತ್ತದೆ ಎಂಬ ಪ್ರಶ್ನೆಯನ್ನು ಹಲವು ಓದುಗರು ಬೇರೆ ಬೇರೆ ರೀತಿಯಲ್ಲಿ ಕೇಳಿದ್ದಾರೆ. ಅವುಗಳಲ್ಲಿ ಐದು ಪತ್ರಗಳನ್ನು ಆಯ್ದು ಈ ಸಂಚಿಕೆಯ ಅಂಕಣವನ್ನು ಪೂರ್ತಿಯಾಗಿ ಅವುಗಳಿಗೇ ಮೀಸಲಿಟ್ಟಿದ್ದೇವೆ. ಬರೆದವರ ಕೋರಿಕೆಯಂತೆ ಅವರ ಹೆಸರನ್ನೂ ಅವರು ದುಡಿಯುವ ಸಂಸ್ಥೆಗಳ ಹೆಸರನ್ನೂ ಬಿಟ್ಟಿದ್ದೇವೆ.

ಪ್ರಶ್ನೆ: ನಾನು ಕಾರ್ಖಾನೆಯೊಂದರ ಪ್ಯಾಕಿಂಗ್ ವಿಭಾಗದಲ್ಲಿ ಸಹಾಯಕಿ. ನಮ್ಮದು ಎಲ್ಲಕ್ಕಿಂತ ಕೆಳಗಿನ ದರ್ಜೆ. ಕೆಲಸಕ್ಕೆ ಸೇರಿದಂದಿನಿಂದ ಸಂಘದ ಚಂದಾ ತಪ್ಪಿಸಿಲ್ಲ. ಈ ಸಲದ ಒಪ್ಪಂದದಲ್ಲಿ ಎಲ್ಲರಿಗೂ ಶೇಕಡ 10ರಷ್ಟು ಹೆಚ್ಚಳ ಸಿಕ್ಕಿತೆಂದು ನಾಯಕರು ಗೇಟಿನ ಮುಂದೆ ಸಭೆ ಮಾಡಿ ಘೋಷಿಸಿದರು. ಪೇ ಸ್ಲಿಪ್ ಬಂದಾಗ ನೋಡಿದರೆ ನನಗೆ ಹೆಚ್ಚಾದ ಹಣ ಮೇಲಿನ ದರ್ಜೆಯ ಆಪರೇಟರುಗಳಿಗೆ ಹೆಚ್ಚಾದ ಹಣದ ಮೂರನೇ ಒಂದು ಭಾಗವೂ ಇಲ್ಲ. ಎಲ್ಲರಿಗೂ ಸಮನಾಗಿ ಕೊಡಿಸಿದ್ದೇವೆ ಎನ್ನುವ ಮಾತು ಸರಿಯೇ? ಸಂಘ ನಿಜವಾಗಿಯೂ ನಮ್ಮಂಥವರಿಗಾಗಿ ಇದೆಯೇ?

ಉತ್ತರ: ನಿಮ್ಮ ಸಂದೇಹಕ್ಕೆ ಆಧಾರವಿದೆ. ಮೊದಲು ಲೆಕ್ಕವನ್ನು ನೋಡೋಣ. ಒಂದು ಕಡೆ ಒಟ್ಟು 100 ಮಂದಿ ಇದ್ದಾರೆ ಎನ್ನಿ. ಅವರಲ್ಲಿ 60 ಮಂದಿಗೆ ತಿಂಗಳಿಗೆ 12,000, ಉಳಿದ 40 ಮಂದಿಗೆ 40,000 ಸಂಬಳ. ಶೇಕಡ 10ರ ಹೆಚ್ಚಳವಾದರೆ ಕೆಳಗಿನವರಿಗೆ 1,200, ಮೇಲಿನವರಿಗೆ 4,000 ಸಿಗುತ್ತದೆ. ಇಬ್ಬರ ನಡುವೆ ಮೊದಲಿದ್ದ 28,000ದ ಅಂತರ 30,800ಕ್ಕೆ ಏರುತ್ತದೆ. ಇದೇ ರೀತಿಯ ಮೂರು ಒಪ್ಪಂದಗಳು ಒಂದರ ಹಿಂದೊಂದು ಆದರೆ ಅಂತರ 37,000 ದಾಟುತ್ತದೆ. ಮೊದಲ ಒಪ್ಪಂದಕ್ಕೆ ಮಾಲೀಕರು ತಿಂಗಳಿಗೆ ಹೆಚ್ಚುವರಿಯಾಗಿ ಕೊಡುವ ಮೊತ್ತ 2,32,000. ಅಷ್ಟೇ ಮೊತ್ತವನ್ನು 100 ಜನರಿಗೂ ಸಮನಾಗಿ ಹಂಚಿದ್ದರೆ ತಲೆಗೆ 2,320 ಬರುತ್ತಿತ್ತು. ಆಗ ಕೆಳಗಿನವರಿಗೆ ಶೇಕಡ 19ಕ್ಕಿಂತ ಹೆಚ್ಚು, ಮೇಲಿನವರಿಗೆ ಶೇಕಡ 6ಕ್ಕಿಂತ ತುಸು ಕಡಿಮೆ ಹೆಚ್ಚಳವಾಗುತ್ತಿತ್ತು. ಮಾಲೀಕರ ಕೈಯಿಂದ ಹೋಗುವ ಹಣ ಎರಡು ರೀತಿಯಲ್ಲಿಯೂ ಒಂದೇ. ಆದ್ದರಿಂದ ನಿಮ್ಮ ಪಾಲು ಇಷ್ಟೇ ಎಂದು ತೀರ್ಮಾನಿಸಿದ್ದು ಮಾಲೀಕರೊಬ್ಬರೇ ಅಲ್ಲ. ಬಂದ ಹಣವನ್ನು ಒಳಗೆ ಹೇಗೆ ಹಂಚಿಕೊಳ್ಳಬೇಕೆಂಬುದರಲ್ಲಿ ಸಂಘದ ಆಯ್ಕೆಯೂ ಇತ್ತು. ಆ ಆಯ್ಕೆಯ ಬಗ್ಗೆ ನಾಯಕರನ್ನು ಕೇಳುವ ಹಕ್ಕು ಚಂದಾ ಕಟ್ಟುವ ಪ್ರತಿಯೊಬ್ಬ ಸದಸ್ಯರಿಗೂ ಇದೆ.

ಸಂಘಗಳು ಶೇಕಡಾವಾರು ಹೆಚ್ಚಳವನ್ನೇ ಏಕೆ ಒಪ್ಪುತ್ತವೆ ಎಂಬುದನ್ನೂ ತಿಳಿಯಬೇಕು. ಬಹಳಷ್ಟು ಕಡೆ ಮಾತುಕತೆಗೆ ಕೂರುವ ಸಮಿತಿಯಲ್ಲಿ ಇರುವವರು ಹೆಚ್ಚು ವರ್ಷ ಸೇವೆಯಾದ, ಮೇಲಿನ ದರ್ಜೆಯ ಖಾಯಂ ನೌಕರರು. ಅವರು ಕೆಟ್ಟವರೆಂದು ಇದರ ಅರ್ಥವಲ್ಲ, ಆದರೆ ತಮ್ಮ ಪೇ ಸ್ಲಿಪ್ಪನ್ನು ಮನಸ್ಸಿನಲ್ಲಿಟ್ಟುಕೊಂಡೇ ಯಾರಾದರೂ ಲೆಕ್ಕ ಹಾಕುತ್ತಾರೆ. ಇನ್ನೊಂದು ಕಾರಣ ಬಲದ್ದು. ಯಂತ್ರ ನಡೆಸುವವರು ಕೈಬಿಟ್ಟರೆ ಉತ್ಪಾದನೆ ಅಂದೇ ನಿಲ್ಲುತ್ತದೆ, ಪ್ಯಾಕಿಂಗ್ ಸಹಾಯಕರ ಜಾಗಕ್ಕೆ ಬೇರೆಯವರನ್ನು ತರಬಹುದೆಂದು ಮ್ಯಾನೇಜ್‌ಮೆಂಟ್ ನಂಬಿರುತ್ತದೆ. ಮಾತುಕತೆಯ ಕೋಣೆಯಲ್ಲಿ ಈ ನಂಬಿಕೆಯನ್ನು ಯಾರೂ ಬಾಯಿಬಿಟ್ಟು ಹೇಳದಿದ್ದರೂ ಹಣ ಅದರಂತೆಯೇ ಹಂಚಿಹೋಗುತ್ತದೆ.

ಇದಕ್ಕೆ ವಿರುದ್ಧವಾದ ದಾರಿಯನ್ನು ತುಳಿದ ಸಂಘಗಳೂ ಇವೆ. ಸ್ವೀಡನ್ನಿನ ಕಾರ್ಮಿಕ ಸಂಘಗಳ ಒಕ್ಕೂಟದಲ್ಲಿದ್ದ ಯೋಸ್ಟಾ ರೇನ್ ಮತ್ತು ರುಡಾಲ್ಫ್ ಮೈಡ್ನರ್ ಎಂಬ ಇಬ್ಬರು ಅರ್ಥಶಾಸ್ತ್ರಜ್ಞರು, ಒಂದೇ ಬಗೆಯ ಕೆಲಸಕ್ಕೆ ಲಾಭದ ಕಂಪನಿಯಲ್ಲಿಯೂ ಬಡಕಲು ಕಂಪನಿಯಲ್ಲಿಯೂ ಒಂದೇ ಸಂಬಳವಿರಬೇಕೆಂಬ ನೀತಿಯನ್ನು ರೂಪಿಸಿ, 1951ರಲ್ಲಿ ಒಕ್ಕೂಟದ ಮಹಾಧಿವೇಶನದ ಮುಂದಿಟ್ಟರು. 1956ರಿಂದ ಇಡೀ ದೇಶದ ಮಟ್ಟದಲ್ಲಿ ಕೇಂದ್ರೀಕೃತ ಮಾತುಕತೆ ನಡೆಯತೊಡಗಿತು. ಮುಂದಿನ ದಶಕಗಳಲ್ಲಿ ಕೆಳಗಿನವರ ಸಂಬಳವನ್ನು ಉಳಿದವರದಕ್ಕಿಂತ ವೇಗವಾಗಿ ಏರಿಸುವುದೇ ಒಪ್ಪಂದಗಳ ಗುರಿಯಾಯಿತು, ಮತ್ತು ವೇತನದ ಅಂತರ ಕಣ್ಣಿಗೆ ಕಾಣುವಷ್ಟು ಕುಗ್ಗಿತು. ಆದರೆ 1983ರಲ್ಲಿ ಲೋಹ ಕಾರ್ಮಿಕರ ಸಂಘ ಈ ಕೇಂದ್ರ ಮಾತುಕತೆಯಿಂದ ಹೊರಬಂದು ಎಂಜಿನಿಯರಿಂಗ್ ಉದ್ಯಮದ ಮಾಲೀಕರೊಡನೆ ಪ್ರತ್ಯೇಕ ಒಪ್ಪಂದ ಮಾಡಿಕೊಂಡಿತು. ಕುಶಲ ಕೆಲಸಗಾರರಿಗೆ ತಮ್ಮ ಕೌಶಲಕ್ಕೆ ತಕ್ಕ ಬೆಲೆಯಿಲ್ಲವೆಂಬ ಭಾವನೆ ಬೆಳೆದಾಗ ಒಗ್ಗಟ್ಟು ಒಡೆಯುತ್ತದೆ ಎಂಬ ಅಪಾಯ ಸುಳ್ಳಲ್ಲ. ನಿಮ್ಮ ನಾಯಕರಲ್ಲಿಯೂ ಈ ಭಯವಿದ್ದೀತು. ಅದನ್ನು ತಳ್ಳಿಹಾಕದೆ ಉತ್ತರ ಹುಡುಕಬೇಕು.

ಅಂಥ ಉತ್ತರದ ಒಂದು ಮಾದರಿ 2023ರ ಏಪ್ರಿಲ್‌ನಲ್ಲಿ ಜರ್ಮನಿಯ ಕೇಂದ್ರ ಸರ್ಕಾರ ಮತ್ತು ಸ್ಥಳೀಯ ಸಂಸ್ಥೆಗಳ ನೌಕರರಿಗಾಗಿ ಆದ ಒಪ್ಪಂದ. ಮೊದಲು ಪ್ರತಿಯೊಬ್ಬರ ಸಂಬಳಕ್ಕೂ ಸಮನಾಗಿ 200 ಯೂರೋ ಸೇರಿಸಿ, ಅದರ ಮೇಲೆ ಶೇಕಡ 5.5 ಏರಿಸಿ, ಯಾರಿಗೂ ಒಟ್ಟು ಹೆಚ್ಚಳ 340 ಯೂರೋಗಿಂತ ಕಡಿಮೆಯಾಗಬಾರದು ಎಂದು ಅಲ್ಲಿ ಗೊತ್ತುಮಾಡಿದರು. 2024ರ ಮಾರ್ಚ್‌ನಿಂದ ಅದು ಜಾರಿಗೆ ಬಂತು. 2,300 ಯೂರೋ ಪಡೆಯುತ್ತಿದ್ದವರಿಗೆ ಇದರಿಂದ ಶೇಕಡ 15ರ ಹತ್ತಿರ, 6,000 ಪಡೆಯುತ್ತಿದ್ದವರಿಗೆ ಶೇಕಡ 9ರಷ್ಟು ಹೆಚ್ಚಳವಾಗುತ್ತದೆ. ಮೇಲಿನವರಿಗೆ ಹಣದ ಲೆಕ್ಕದಲ್ಲಿ ಹೆಚ್ಚೇ ಸಿಕ್ಕಿತು, ಕೆಳಗಿನವರಿಗೆ ಪ್ರಮಾಣದ ಲೆಕ್ಕದಲ್ಲಿ ಹೆಚ್ಚು ಸಿಕ್ಕಿತು. ನನ್ನ ದೃಷ್ಟಿಯಲ್ಲಿ ಸಂಘವೊಂದು ತನ್ನ ಒಳಗಿನ ಎರಡೂ ಗುಂಪುಗಳಿಗೆ ಮುಖ ತೋರಿಸಬಹುದಾದ ಒಪ್ಪಂದವೆಂದರೆ ಇಂಥದ್ದು.

ಇನ್ನೊಂದು ವಿಷಯವನ್ನು ನಿಮ್ಮ ಪತ್ರದ ಸಾಲುಗಳ ನಡುವೆ ಓದಿದೆ. ನಿಮ್ಮ ಕೆಲಸವನ್ನು ಅತಿ ಕೆಳಗಿನ ದರ್ಜೆಗೆ ಹಾಕಿದವರು ಯಾರು, ಯಾವ ಅಳತೆಯಿಂದ? ಹೆಚ್ಚಳದ ಪ್ರಮಾಣವನ್ನು ಕುರಿತು ಸಂಘಗಳು ಎಷ್ಟು ವಾದಿಸುತ್ತವೆಯೋ ದರ್ಜೆಯ ವಿಂಗಡಣೆಯನ್ನು ಕುರಿತು ಅಷ್ಟು ವಾದಿಸುವುದಿಲ್ಲ. ಇಂಗ್ಲೆಂಡಿನ ಡಾಗನ್‌ಹ್ಯಾಮ್‌ನಲ್ಲಿದ್ದ ಫೋರ್ಡ್ ಕಾರು ಕಾರ್ಖಾನೆಯಲ್ಲಿ ಸೀಟುಗಳ ಹೊದಿಕೆ ಹೊಲಿಯುತ್ತಿದ್ದ ಮಹಿಳೆಯರು 1968ರಲ್ಲಿ ಮೂರು ವಾರ ಮುಷ್ಕರ ಹೂಡಿದರು. ತಮ್ಮದು ಕೌಶಲದ ಕೆಲಸ, ಅದನ್ನು ಕಡಿಮೆ ಕೌಶಲದ ‘ಬಿ’ ದರ್ಜೆಯಿಂದ ‘ಸಿ’ ದರ್ಜೆಗೆ ಏರಿಸಬೇಕು ಎಂಬುದು ಅವರ ಮೂಲ ಬೇಡಿಕೆಯಾಗಿತ್ತು. ಸಚಿವೆ ಬಾರ್ಬರಾ ಕ್ಯಾಸಲ್ ಅವರ ಮಧ್ಯಸ್ಥಿಕೆಯಲ್ಲಿ ಆದ ರಾಜಿಯಲ್ಲಿ ಅವರ ಕೂಲಿ ತಮ್ಮ ದರ್ಜೆಯ ಪುರುಷರ ಕೂಲಿಯ ಶೇಕಡ 85ರಿಂದ 92ಕ್ಕೆ ಏರಿತು. ಆ ಹೋರಾಟದ ಫಲವಾಗಿ 1970ರಲ್ಲಿ ಸಮಾನ ವೇತನದ ಕಾಯ್ದೆಯೂ ಬಂತು. ಆದರೆ ದರ್ಜೆ ಮಾತ್ರ ಬದಲಾಗಲಿಲ್ಲ. ಅದಕ್ಕಾಗಿ ಅವರು 1984ರಲ್ಲಿ ಮತ್ತೆ ಮುಷ್ಕರ ಮಾಡಬೇಕಾಯಿತು. ದೇಶಕ್ಕೆ ಕಾನೂನು ತಂದುಕೊಟ್ಟವರು ತಮ್ಮ ಮೊದಲ ಬೇಡಿಕೆ ಈಡೇರಲು 16 ವರ್ಷ ಕಾದರು. ಮುಂದಿನ ಒಪ್ಪಂದದ ಹೊತ್ತಿಗೆ ಶೇಕಡ ಎಷ್ಟು ಎಂದು ಕೇಳುವುದಕ್ಕೂ ಮೊದಲು, ಪ್ಯಾಕಿಂಗ್ ವಿಭಾಗದ ಕೆಲಸದ ಮರುಮೌಲ್ಯಮಾಪನ ಬೇಡಿಕೆ ಪಟ್ಟಿಯಲ್ಲಿದೆಯೇ ಎಂದು ಕೇಳಿ.

ಸಂಘ ನಿಮ್ಮಂಥವರಿಗಾಗಿ ಇದೆಯೇ ಎಂಬ ಕೊನೆಯ ಪ್ರಶ್ನೆಗೆ ನನ್ನ ಉತ್ತರ ಹೀಗಿದೆ. ಸಂಘ ಇಲ್ಲದ ಕಡೆಗಿಂತ ಇರುವ ಕಡೆ ಮೇಲಿನ ಮತ್ತು ಕೆಳಗಿನ ಸಂಬಳಗಳ ಅಂತರ ಕಡಿಮೆ ಎಂಬುದು ಹಲವು ದೇಶಗಳಲ್ಲಿ ದಶಕಗಳ ಕಾಲ ನಡೆದ ಅಧ್ಯಯನಗಳಲ್ಲಿ ಮತ್ತೆ ಮತ್ತೆ ಕಂಡುಬಂದ ಸಂಗತಿ. ಕೆಳಗಿನವರೇ ಎದ್ದುನಿಂತು ಕಟ್ಟಿದ ಸಂಘಗಳ ಇತಿಹಾಸವೂ ಚಿಕ್ಕದಲ್ಲ. 1888ರಲ್ಲಿ ಲಂಡನ್ನಿನ ಬೆಂಕಿಪೊಟ್ಟಣ ಕಾರ್ಖಾನೆಯ ಸುಮಾರು 1,400 ಮಂದಿ, ಬಹುಪಾಲು ಹುಡುಗಿಯರು ಮತ್ತು ಹೆಂಗಸರು, ಕೆಲಸ ನಿಲ್ಲಿಸಿ ಸಂಬಳದಿಂದ ಮುರಿದುಕೊಳ್ಳುತ್ತಿದ್ದ ದಂಡವನ್ನು ರದ್ದು ಮಾಡಿಸಿದರು. ಅವರ ದುಃಸ್ಥಿತಿಯನ್ನು ಲೇಖನ ಬರೆದು ಜನರ ಮುಂದಿಟ್ಟವರು ಆ್ಯನಿ ಬೆಸೆಂಟ್. ಮರುವರ್ಷ ಅದೇ ಊರಿನ ಬಂದರಿನ ದಿನಗೂಲಿಗಳು ಗಂಟೆಗೆ 6 ಪೆನ್ನಿ ಕೂಲಿಯನ್ನು ಹೋರಾಡಿ ಪಡೆದರು. ಅಲ್ಲಿಯವರೆಗೆ ಬ್ರಿಟನ್ನಿನ ಸಂಘಗಳು ಬಹುತೇಕ ಕುಶಲಕರ್ಮಿಗಳವೇ ಆಗಿದ್ದವು. ಅವು ತಾವಾಗಿ ಬಾಗಿಲು ತೆರೆಯಲಿಲ್ಲ, ಕೆಳಗಿನವರು ಒಳಗೆ ನುಗ್ಗಿದ ಮೇಲೆ ಅವುಗಳ ಸ್ವರೂಪವೇ ಬದಲಾಯಿತು. ಸಂಘವೆಂಬ ಸಾಧನದಿಂದ ನಿಮಗೆ ಪ್ರಯೋಜನವಿದೆ, ಈಗ ಅದು ಯಾರ ಕೈಯಲ್ಲಿದೆ ಎಂಬುದು ಬೇರೆ ಪ್ರಶ್ನೆ. ಚಂದಾ ನಿಲ್ಲಿಸುವುದಕ್ಕಿಂತ ಸಮಿತಿಗೆ ನಿಮ್ಮ ವಿಭಾಗದಿಂದ ಒಬ್ಬರನ್ನು ಗೆಲ್ಲಿಸುವುದು ಹೆಚ್ಚು ಫಲ ಕೊಡುತ್ತದೆ.

ಪ್ರಶ್ನೆ: ನಾವು ಹತ್ತಾರು ಮಂದಿ ಒಂದೇ ಕಟ್ಟಡದಲ್ಲಿ ಸ್ವಚ್ಛತೆಯ ಕೆಲಸ ಮಾಡುತ್ತೇವೆ. ನಮ್ಮನ್ನು ನೇಮಿಸಿಕೊಂಡಿರುವುದು ಗುತ್ತಿಗೆದಾರ. ಕಟ್ಟಡದ ಸಂಸ್ಥೆಯಲ್ಲಿ ಬಲವಾದ ಸಂಘವಿದೆ, ಆದರೆ ನೀವು ನಮ್ಮ ಸದಸ್ಯರಲ್ಲ ಎಂದು ಅವರು ನಮ್ಮನ್ನು ಹತ್ತಿರ ಸೇರಿಸುವುದಿಲ್ಲ. ಖಾಯಂ ನೌಕರರ ಹೆಚ್ಚಳದ ಭಾರ ಸರಿದೂಗಿಸಲು ನಮ್ಮ ಗುತ್ತಿಗೆಯ ದರವನ್ನು ಇಳಿಸಿದ್ದಾರೆಂದು ಕೇಳಿದ್ದೇವೆ. ಇದು ನ್ಯಾಯವೇ?

ಉತ್ತರ: ನ್ಯಾಯವಲ್ಲ. ನೀವು ಕೇಳಿದ್ದು ನಿಜವೇ ಆಗಿದ್ದರೆ, ಸಂಘವೊಂದು ಮಾಡಬಹುದಾದ ತಪ್ಪುಗಳಲ್ಲಿ ಇದಕ್ಕಿಂತ ದೊಡ್ಡದು ಕಡಿಮೆ ಎಂದೇ ಹೇಳುತ್ತೇನೆ.

ಒಳಗಿರುವವರ ಹಿತಕ್ಕಾಗಿ ಹೊರಗಿರುವವರನ್ನು ಬಲಿಕೊಟ್ಟ ಉದಾಹರಣೆಗಳು ಕಾರ್ಮಿಕ ಚಳವಳಿಯ ಇತಿಹಾಸದಲ್ಲಿವೆ. ಅಮೆರಿಕದ ರೈಲ್ವೆಯಲ್ಲಿ ಉಗಿಬಂಡಿಗಳಿಗೆ ಬೆಂಕಿ ಹಾಕುವವರ ಸಂಘವೊಂದು ಕಪ್ಪುಜನರನ್ನು ಸದಸ್ಯರಾಗಿ ಸೇರಿಸಿಕೊಳ್ಳುತ್ತಿರಲಿಲ್ಲ. ಆದರೂ ಕಾನೂನಿನ ಪ್ರಕಾರ ಆ ವೃತ್ತಿಯ ಎಲ್ಲರ ಪರವಾಗಿ ಮಾತನಾಡುವ ಅಧಿಕಾರ ಅದಕ್ಕೇ ಇತ್ತು. ಆ ಅಧಿಕಾರವನ್ನು ಬಳಸಿ, ಕಪ್ಪು ಕೆಲಸಗಾರರನ್ನು ಆ ಹುದ್ದೆಗಳಿಂದ ಕ್ರಮೇಣ ಹೊರಹಾಕುವ ಒಪ್ಪಂದವನ್ನು ಅದು ಕಂಪನಿಗಳೊಡನೆ ಮಾಡಿಕೊಂಡಿತು. ನೊಂದ ಕೆಲಸಗಾರನೊಬ್ಬ ಹೂಡಿದ ದಾವೆಯಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ 1944ರಲ್ಲಿ, ಎಲ್ಲರ ಪರವಾಗಿ ಮಾತನಾಡುವ ಹಕ್ಕು ಪಡೆದ ಸಂಘಕ್ಕೆ ಸದಸ್ಯರಲ್ಲದವರನ್ನೂ ಭೇದವಿಲ್ಲದೆ ಪ್ರತಿನಿಧಿಸುವ ಕರ್ತವ್ಯವಿದೆ ಎಂದು ತೀರ್ಪು ಕೊಟ್ಟಿತು. ಅಧಿಕಾರದ ಜೊತೆಗೆ ಹೊಣೆಯೂ ಬರುತ್ತದೆ ಎಂಬ ಈ ತತ್ವವನ್ನು ಎಲ್ಲ ದೇಶಗಳ ಸಂಘಗಳಿಗೂ ಅನ್ವಯಿಸಬೇಕೆಂಬುದು ನನ್ನ ಅಭಿಪ್ರಾಯ.

ನಿಮ್ಮ ಸಮಸ್ಯೆಯ ಕಗ್ಗಂಟು ಇರುವುದು ನಿಮ್ಮ ಎದುರಿಗೆ ಕೂರುವ ಗುತ್ತಿಗೆದಾರನ ಕೈಯಲ್ಲಿ ಕೊಡಲು ಹೆಚ್ಚೇನೂ ಇಲ್ಲದಿರುವುದರಲ್ಲಿ. ದರ ನಿಗದಿ ಮಾಡುವವರು ಕಟ್ಟಡದವರು. ಗುತ್ತಿಗೆದಾರ ಕೂಲಿ ಏರಿಸಿದರೆ ಅವನ ಜಾಗಕ್ಕೆ ಅಗ್ಗದ ಇನ್ನೊಬ್ಬನನ್ನು ತರುತ್ತಾರೆ. ಅಮೆರಿಕದ ಸ್ವಚ್ಛತಾ ಕೆಲಸಗಾರರು 1980ರ ದಶಕದ ಕೊನೆಯ ಹೊತ್ತಿಗೆ ಇದನ್ನು ಸರಿಯಾಗಿ ಅರ್ಥಮಾಡಿಕೊಂಡರು. ಲಾಸ್ ಏಂಜಲಿಸ್‌ನ ಸೆಂಚುರಿ ಸಿಟಿ ಎಂಬ ಕಚೇರಿಗಳ ಪ್ರದೇಶದಲ್ಲಿ, ಬಹುಪಾಲು ವಲಸಿಗರೇ ಆಗಿದ್ದ ಅವರು 1990ರಲ್ಲಿ ಮುಷ್ಕರ ಹೂಡಿದಾಗ ಗುತ್ತಿಗೆ ಕಂಪನಿಯ ಮೇಲಷ್ಟೇ ಅಲ್ಲದೆ ಕಟ್ಟಡಗಳ ಮಾಲೀಕರ ಮೇಲೆ ಮತ್ತು ಅಲ್ಲಿ ಬಾಡಿಗೆಗಿದ್ದ ದೊಡ್ಡ ಸಂಸ್ಥೆಗಳ ಮೇಲೆ ಒತ್ತಡ ತಂದರು. ಜೂನ್ 15ರಂದು ಪೊಲೀಸರು ಅವರ ಶಾಂತಿಯುತ ಮೆರವಣಿಗೆಯ ಮೇಲೆ ಲಾಠಿ ಬೀಸಿದ ದೃಶ್ಯ ಟೀವಿಯಲ್ಲಿ ಬಿತ್ತರವಾಯಿತು, ಜನಾಭಿಪ್ರಾಯ ತಿರುಗಿತು, ಕೆಲವೇ ದಿನಗಳಲ್ಲಿ ಒಪ್ಪಂದವೂ ಆಯಿತು. ಒಬ್ಬ ಗುತ್ತಿಗೆದಾರನ ಬಳಿ ಕೆಲಸ ಮಾಡುವವರು ಮಾತ್ರ ಸಂಘಟಿತರಾದರೆ ಸಾಲದು, ಆ ಪ್ರದೇಶದ ಎಲ್ಲ ಗುತ್ತಿಗೆದಾರರ ಕೆಲಸಗಾರರೂ ಒಂದಾಗಬೇಕು ಎಂಬುದು ಅವರ ತಂತ್ರದ ತಿರುಳಾಗಿತ್ತು. ಎಲ್ಲರ ಕೂಲಿಯೂ ಒಟ್ಟಿಗೆ ಏರಿದರೆ ಅಗ್ಗದ ಗುತ್ತಿಗೆದಾರ ಎಂಬುವನೇ ಇರುವುದಿಲ್ಲ.

ಖಾಯಂ ನೌಕರರ ಸಂಘಕ್ಕೂ ಒಂದು ಮಾತು ಹೇಳಬೇಕು. ಅಮೆರಿಕದ ಕಾರು ಕಾರ್ಮಿಕರ ಸಂಘ 2007ರ ಒಪ್ಪಂದದಲ್ಲಿ ಹೊಸದಾಗಿ ಸೇರುವವರಿಗೆ ಹಳಬರ ಸುಮಾರು ಅರ್ಧದಷ್ಟು ಕೂಲಿಯನ್ನು ಒಪ್ಪಿಕೊಂಡಿತು. ಕಂಪನಿಗಳು ನಷ್ಟದಲ್ಲಿದ್ದವು, ಹಳಬರ ಕೂಲಿಯನ್ನೂ ಪಿಂಚಣಿಯನ್ನೂ ಉಳಿಸಿಕೊಳ್ಳಲು ಬೇರೆ ದಾರಿಯಿಲ್ಲ ಎಂಬುದು ಆಗಿನ ಸಮರ್ಥನೆ. ಫಲವಾಗಿ ಒಂದೇ ಸಾಲಿನಲ್ಲಿ ನಿಂತು, ಒಂದೇ ಬೋಲ್ಟು ಬಿಗಿಯುವ ಇಬ್ಬರಿಗೆ ಎರಡು ಬಗೆಯ ಸಂಬಳ ಬರತೊಡಗಿತು. ಹಳಬರು ನಿವೃತ್ತರಾದಂತೆ ಕಡಿಮೆ ಕೂಲಿಯವರ ಸಂಖ್ಯೆ ಬೆಳೆಯಿತು. ಸಂಘ ತಮ್ಮನ್ನು ಮಾರಿತೆಂಬ ಅಸಮಾಧಾನ ಒಳಗೊಳಗೇ ಕುದಿಯಿತು. 2023ರ ಸೆಪ್ಟೆಂಬರ್ 15ರಂದು ಆರಂಭವಾಗಿ ಸುಮಾರು ಆರು ವಾರ ನಡೆದ ಮುಷ್ಕರದಲ್ಲಿ ಈ ಶ್ರೇಣಿಗಳನ್ನು ಕೊನೆಗಾಣಿಸುವುದು ಮುಖ್ಯ ಬೇಡಿಕೆಗಳಲ್ಲಿ ಒಂದಾಗಿತ್ತು. ಹೊಸಬರು ಗರಿಷ್ಠ ಕೂಲಿ ತಲುಪಲು ಬೇಕಿದ್ದ 8 ವರ್ಷದ ಅವಧಿ 3ಕ್ಕೆ ಇಳಿಯಿತು. ತಾತ್ಕಾಲಿಕ ನೌಕರರ ಕೂಲಿ ಉಳಿದೆಲ್ಲರದಕ್ಕಿಂತ ಹೆಚ್ಚಿನ ಪ್ರಮಾಣದಲ್ಲಿ ಏರಿತು. ಒಪ್ಪಂದ ಮಾಡಿಕೊಂಡು ಒಳಗೆ ತಂದ ಭೇದವನ್ನು ಹೋಗಲಾಡಿಸಲು ಒಂದೂವರೆ ದಶಕವೇ ಬೇಕಾಯಿತು. ನಿಮ್ಮ ಕಟ್ಟಡದ ಸಂಘ ಇಂದು ನಿಮ್ಮನ್ನು ಹೊರಗಿಟ್ಟರೆ, ನಾಳೆ ಖಾಯಂ ಹುದ್ದೆಗಳು ಒಂದೊಂದಾಗಿ ಗುತ್ತಿಗೆಗೆ ಹೋದಾಗ ಅದರ ಬಲವೂ ಕರಗುತ್ತದೆ.

ಒಳಗೆ ಸೇರಿಸಿಕೊಳ್ಳದಿದ್ದರೆ ನಿಮ್ಮದೇ ಸಂಘ ಕಟ್ಟಿಕೊಳ್ಳುವ ದಾರಿ ಇದ್ದೇ ಇದೆ. ಅಹಮದಾಬಾದಿನಲ್ಲಿ 1972ರಲ್ಲಿ ಇಳಾ ಭಟ್ ಅವರ ನೇತೃತ್ವದಲ್ಲಿ ಹುಟ್ಟಿದ ‘ಸೇವಾ’ ಎಂಬ ಹೆಸರಿನ ಸಂಘ, ತಲೆಹೊರೆಯವರು, ಬೀದಿ ವ್ಯಾಪಾರಿಗಳು, ಮನೆಯಲ್ಲೇ ಕುಳಿತು ಹೊಲಿಯುವವರು ಇಂಥ ಹೆಂಗಸರದು. ಇವರಿಗೆ ಗೊತ್ತಾದ ಮಾಲೀಕನೇ ಇಲ್ಲವಲ್ಲ, ಸಂಘ ಯಾರ ವಿರುದ್ಧ ಎಂದು ನೋಂದಣಿಯ ಹೊತ್ತಿನಲ್ಲಿ ಅಧಿಕಾರಿಗಳು ತಕರಾರು ತೆಗೆದಿದ್ದರು. ಗಿರಣಿ ಕಾರ್ಮಿಕರ ದೊಡ್ಡ ಸಂಘದ ಆಶ್ರಯದಲ್ಲಿ ಹುಟ್ಟಿದ ಅದು 1981ರಲ್ಲಿ ಆ ಆಶ್ರಯವನ್ನು ಕಳೆದುಕೊಂಡಿತು. ಆದರೂ ನಿಂತಿತು, ಬೆಳೆಯಿತು.

ಪ್ರಶ್ನೆ: ನಾನು ಸಣ್ಣ ಉದ್ಯಮಿ. ಸಂಘಗಳು ಬಲವಂತವಾಗಿ ಕೂಲಿ ಏರಿಸಿದರೆ ನಾವು ಆಳುಗಳನ್ನು ಕಡಿಮೆ ಮಾಡಬೇಕಾಗುತ್ತದೆ, ಮೊದಲು ಕೆಲಸ ಕಳೆದುಕೊಳ್ಳುವವರು ಕಡಿಮೆ ಸಂಬಳದವರೇ. ಅವರ ರಕ್ಷಣೆಗೆ ಕನಿಷ್ಠ ವೇತನದ ಕಾನೂನು ಸಾಲದೇ?

ಉತ್ತರ: ನಿಮ್ಮ ಮೊದಲ ಮಾತು ಕೆಲವು ಸಂದರ್ಭಗಳಲ್ಲಿ ನಿಜ. ಒಂದೇ ಘಟಕದಲ್ಲಿ ಮಾತ್ರ ಕೂಲಿ ಏರಿ ಪಕ್ಕದ ಪ್ರತಿಸ್ಪರ್ಧಿಯ ಬಳಿ ಏರದಿದ್ದರೆ ಸಣ್ಣ ಉದ್ಯಮಿಗೆ ಪೆಟ್ಟು ಬೀಳುತ್ತದೆ. ಆದ್ದರಿಂದಲೇ ಇಡೀ ಉದ್ಯಮಕ್ಕೆ ಒಂದೇ ಒಪ್ಪಂದವಾಗುವ ಪದ್ಧತಿ ನಿಮ್ಮಂಥ ಪ್ರಾಮಾಣಿಕ ಮಾಲೀಕರಿಗೂ ಒಳ್ಳೆಯದು. ಫ್ರಾನ್ಸಿನಲ್ಲಿ ಸಂಘಗಳ ಸದಸ್ಯರಾಗಿರುವವರು ಹತ್ತರಲ್ಲಿ ಒಬ್ಬರಷ್ಟೇ. ಆದರೆ ಆದ ಒಪ್ಪಂದವನ್ನು ಸರ್ಕಾರ ಇಡೀ ವಲಯಕ್ಕೆ ವಿಸ್ತರಿಸುವುದರಿಂದ ಹತ್ತರಲ್ಲಿ ಒಂಬತ್ತಕ್ಕೂ ಹೆಚ್ಚು ನೌಕರರು ಅದರ ವ್ಯಾಪ್ತಿಗೆ ಬರುತ್ತಾರೆ. ಆಗ ಕೂಲಿ ಕಡಿತಗೊಳಿಸಿ ಬೆಲೆ ಇಳಿಸುವ ಪೈಪೋಟಿಗೆ ಅವಕಾಶ ಕಡಿಮೆ. ಯುರೋಪಿಯನ್ ಒಕ್ಕೂಟ 2022ರಲ್ಲಿ ಹೊರಡಿಸಿದ ನಿರ್ದೇಶನವೊಂದು, ಒಪ್ಪಂದಗಳ ವ್ಯಾಪ್ತಿ ಶೇಕಡ 80ಕ್ಕಿಂತ ಕಡಿಮೆ ಇರುವ ಸದಸ್ಯ ದೇಶಗಳು ಅದನ್ನು ಹೆಚ್ಚಿಸಲು ಕ್ರಿಯಾಯೋಜನೆ ರೂಪಿಸಬೇಕೆಂದು ಹೇಳುತ್ತದೆ.

ಕೂಲಿ ಏರಿದರೆ ಕೆಲಸ ಹೋಗಲೇಬೇಕು ಎಂಬುದು ಮಾತ್ರ ನಿಯಮವಲ್ಲ. ಕೆಲಸಗಾರನಿಗೆ ಬೇರೆ ಕಡೆ ಹೋಗುವ ಅವಕಾಶ ಕಡಿಮೆ ಇರುವಲ್ಲಿ ಮಾಲೀಕರು ಅವನ ದುಡಿಮೆಯ ಮೌಲ್ಯಕ್ಕಿಂತ ಕಡಿಮೆ ಕೂಲಿ ಕೊಟ್ಟು ನಡೆಸಿಕೊಂಡು ಹೋಗಲು ಸಾಧ್ಯ. ಅಂಥಲ್ಲಿ ಕೂಲಿ ತಕ್ಕಮಟ್ಟಿಗೆ ಏರಿದರೆ ಕೆಲಸ ಬಿಟ್ಟುಹೋಗುವವರು ಕಡಿಮೆಯಾಗುತ್ತಾರೆ, ಉದ್ಯೋಗ ಕುಗ್ಗುವುದಿಲ್ಲ.

ಕನಿಷ್ಠ ವೇತನದ ಕಾನೂನು ಅಗತ್ಯ, ಆದರೆ ಅದು ಸಂಘದ ಜಾಗವನ್ನು ತುಂಬಲಾರದು. ಸ್ವೀಡನ್ನಿನಲ್ಲಿ ಅಂಥ ಕಾನೂನೇ ಇಲ್ಲ, ಎಲ್ಲವೂ ಒಪ್ಪಂದಗಳ ಮೂಲಕವೇ ನಡೆಯುತ್ತದೆ. ಜರ್ಮನಿಯಲ್ಲಿ ಕೈಗಾರಿಕೆಗಳ ದೊಡ್ಡ ಸಂಘಗಳು ಬಹಳ ಕಾಲ ಕೂಲಿಯ ವಿಷಯದಲ್ಲಿ ಕಾನೂನಿನ ಪ್ರವೇಶ ಬೇಡವೆನ್ನುತ್ತಿದ್ದವು. ಹೋಟೆಲು ಮತ್ತು ಇತರ ಸೇವೆಗಳ ಕೆಲಸಗಾರರ ಸಂಘಗಳು ಪಟ್ಟು ಹಿಡಿದ ಮೇಲೆ ನಿಲುವು ಬದಲಾಯಿತು, 2015ರ ಜನವರಿಯಿಂದ ಗಂಟೆಗೆ 8.50 ಯೂರೋ ಕನಿಷ್ಠ ವೇತನ ಜಾರಿಗೆ ಬಂತು. ಅದನ್ನು ಕೇಳಿ ಪಡೆದವರೂ ಕೆಳಗಿನವರ ಸಂಘಗಳೇ ಎಂಬುದನ್ನು ಗಮನಿಸಿ. ಇಷ್ಟಲ್ಲದೆ ಕಾನೂನು ಕೂಲಿಯ ನೆಲಮಟ್ಟವನ್ನು ಮಾತ್ರ ಹೇಳುತ್ತದೆ. ನಾಳೆಯ ಪಾಳಿ ಯಾವುದೆಂದು ಇಂದು ರಾತ್ರಿ ತಿಳಿಸುವ ಮೇಲ್ವಿಚಾರಕ, ಓವರ್‌ಟೈಮ್ ಗಂಟೆಗಳನ್ನು ಪುಸ್ತಕದಲ್ಲಿ ಬರೆಯದ ಗುಮಾಸ್ತ, ಮೂತ್ರಕ್ಕೆ ಹೋಗಲೂ ಲೆಕ್ಕ ಕೇಳುವ ವ್ಯವಸ್ಥೆ, ಇವುಗಳ ಎದುರು ಒಬ್ಬಂಟಿ ಕೆಲಸಗಾರ್ತಿಯ ಕೈಯಲ್ಲಿ ಕಾನೂನಿನ ಪುಸ್ತಕವಿದ್ದು ಏನು ಮಾಡೀತು? ಪಕ್ಕದಲ್ಲಿ ನಿಂತು ಕೇಳುವವರು ಬೇಕು.

ಪ್ರಶ್ನೆ: ನಾಯಕರನ್ನು ಮಾಲೀಕರು ಕೊಂಡುಕೊಂಡಿದ್ದಾರೆಂಬ ಮಾತು ಪ್ರತಿ ಒಪ್ಪಂದದ ಸಮಯದಲ್ಲಿಯೂ ಕೇಳಿಬರುತ್ತದೆ. ಇದನ್ನು ಎಷ್ಟರಮಟ್ಟಿಗೆ ನಂಬಬೇಕು?

ಉತ್ತರ: ಪುರಾವೆಯಿಲ್ಲದೆ ನಂಬಬೇಡಿ, ಏಕೆಂದರೆ ಸಂಘವನ್ನು ಒಡೆಯಲು ಮ್ಯಾನೇಜ್‌ಮೆಂಟ್ ಕಡೆಯವರೇ ಇಂಥ ಮಾತನ್ನು ಹರಡುವುದುಂಟು. ಹಾಗೆಂದು ಅಸಾಧ್ಯವೆಂದೂ ತಿಳಿಯಬೇಡಿ. ಮೇಲೆ ಹೇಳಿದ ಅಮೆರಿಕದ ಕಾರು ಕಾರ್ಮಿಕರ ಸಂಘದ ಹಿರಿಯ ಪದಾಧಿಕಾರಿಗಳಿಗೆ ಕಾನೂನುಬಾಹಿರವಾಗಿ ಹಣ ಸಂದಾಯ ಮಾಡಿದ ಪ್ರಕರಣದಲ್ಲಿ ಫಿಯಟ್ ಕ್ರೈಸ್ಲರ್ ಕಂಪನಿಯ ಅಮೆರಿಕದ ಅಂಗ 2021ರಲ್ಲಿ ನ್ಯಾಯಾಲಯದಲ್ಲಿ ತಪ್ಪೊಪ್ಪಿಕೊಂಡು 3 ಕೋಟಿ ಡಾಲರ್ ದಂಡ ತೆತ್ತಿತು. ಸಂಘದ ಇಬ್ಬರು ಮಾಜಿ ಅಧ್ಯಕ್ಷರು ಸಂಘದ ಹಣವನ್ನು ದುರುಪಯೋಗ ಮಾಡಿದ ಪ್ರಕರಣಗಳಲ್ಲಿ ಜೈಲಿಗೆ ಹೋದರು. ಆ ಹಗರಣದ ನಂತರವೇ ಅಧ್ಯಕ್ಷರನ್ನು ಪ್ರತಿನಿಧಿಗಳ ಬದಲು ಸದಸ್ಯರೇ ನೇರವಾಗಿ ಮತ ಹಾಕಿ ಆರಿಸುವ ಪದ್ಧತಿ ಬಂತು, ಹಾಗೆ ಆಯ್ಕೆಯಾದ ಮುಂದಾಳತ್ವವೇ 2023ರ ಮುಷ್ಕರವನ್ನು ನಡೆಸಿತು. ಶುದ್ಧೀಕರಣ ಒಳಗಿನಿಂದಲೇ ಸಾಧ್ಯ ಎಂಬುದಕ್ಕೆ ಇದಕ್ಕಿಂತ ಹತ್ತಿರದ ಸಾಕ್ಷಿ ನನಗೆ ಕಾಣದು.

ಲಂಚವೇ ಇಲ್ಲದೆಯೂ ಸಂಘ ಸದಸ್ಯರಿಂದ ದೂರವಾಗುವುದುಂಟು. ಮುಂಬಯಿಯ ಜವಳಿ ಗಿರಣಿಗಳಲ್ಲಿ ಕಾನೂನಿನ ಪ್ರಕಾರ ಒಂದೇ ಸಂಘಕ್ಕೆ ಮಾತುಕತೆಯ ಅಧಿಕಾರವಿತ್ತು. ಕಾರ್ಮಿಕರು ಅದರ ಮೇಲೆ ವಿಶ್ವಾಸ ಕಳೆದುಕೊಂಡು ದತ್ತಾ ಸಾಮಂತರ ಹಿಂದೆ ಹೋದರು. 1982ರ ಜನವರಿಯಲ್ಲಿ ಸುಮಾರು ಎರಡೂವರೆ ಲಕ್ಷ ಮಂದಿ ಮುಷ್ಕರಕ್ಕೆ ಇಳಿದರೂ, ಅವರು ನಂಬಿದ ನಾಯಕನೊಡನೆ ಮಾತನಾಡಲು ಮಾಲೀಕರಿಗೆ ಕಾನೂನಿನ ಕಟ್ಟುಪಾಡೇ ಇರಲಿಲ್ಲ. ಆ ಮುಷ್ಕರ ಅಧಿಕೃತವಾಗಿ ಮುಗಿಯಲೇ ಇಲ್ಲ, ಸಾವಿರಾರು ಸಂಸಾರಗಳು ಬೀದಿಗೆ ಬಿದ್ದವು. ಮಾಲೀಕರ ಹಿಡಿತದಲ್ಲಿರುವ ಸಂಘಗಳನ್ನು ಹುಟ್ಟುಹಾಕುವುದನ್ನು ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆಯ 1949ರ 98ನೇ ಒಡಂಬಡಿಕೆ ಹಸ್ತಕ್ಷೇಪವೆಂದು ಪರಿಗಣಿಸುತ್ತದೆ. ಆದರೆ ಸದಸ್ಯರ ವಿಶ್ವಾಸ ಕಳೆದುಕೊಂಡ ಸಂಘವನ್ನು ಬದಲಿಸುವ ಸರಳ ದಾರಿ, ಅಂದರೆ ಗುಪ್ತ ಮತದಾನ, ಕೆಲಸಗಾರರ ಕೈಯಲ್ಲಿರಬೇಕು.

ಪ್ರಶ್ನೆ: ನಾನು ಇತ್ತೀಚೆಗೆ ನಮ್ಮ ಸಂಘದ ಸಮಿತಿಗೆ ಆಯ್ಕೆಯಾಗಿದ್ದೇನೆ. ಮುಂದಿನ ವರ್ಷ ಹೊಸ ಒಪ್ಪಂದದ ಮಾತುಕತೆಯಿದೆ. ಕೆಳದರ್ಜೆಯವರಿಗೆ ಅನ್ಯಾಯವಾಗದಂತೆ ಏನು ಮಾಡಬಹುದು? ಹಿರಿಯ ಸದಸ್ಯರು ಒಪ್ಪುವರೇ ಎಂಬ ಅಳುಕೂ ಇದೆ.

ಉತ್ತರ: ಬೇಡಿಕೆ ಪಟ್ಟಿ ಬರೆಯುವ ಮುಂಚೆ ಪ್ರತಿ ದರ್ಜೆಯಿಂದ ಒಂದೊಂದು ಪೇ ಸ್ಲಿಪ್ ತರಿಸಿ ಮೇಜಿನ ಮೇಲೆ ಹರಡಿ. ಮ್ಯಾನೇಜ್‌ಮೆಂಟ್ ಮುಂದಿಡುವ ಪ್ರತಿ ಪ್ರಸ್ತಾವವನ್ನೂ ಕಟ್ಟಕಡೆಯ ದರ್ಜೆಯ ಸ್ಲಿಪ್ಪಿನ ಮೇಲೆ ಮೊದಲು ಲೆಕ್ಕ ಹಾಕಿ, ಆಮೇಲೆ ಸರಾಸರಿಯನ್ನು ನೋಡಿ. ಸರಾಸರಿ ಹೆಚ್ಚಳದ ಅಂಕಿ ಬಹಳ ಸಲ ಕೆಳಗಿನವರಿಗೆ ಆಗುವ ನಷ್ಟವನ್ನು ಮುಚ್ಚುತ್ತದೆ. ಒಟ್ಟಿಗೆ ಒಂದು ದೊಡ್ಡ ಮೊತ್ತ ಕೊಡುತ್ತೇವೆ, ಮೂಲ ವೇತನ ಹಾಗೆಯೇ ಇರಲಿ ಎಂದರೆ ಎಚ್ಚರವಾಗಿರಿ. ಸಾಲದಲ್ಲಿರುವ ಕೆಳದರ್ಜೆಯವರಿಗೆ ಆ ಹಣ ತಕ್ಷಣಕ್ಕೆ ಆಸರೆಯಾಗುವುದು ನಿಜ, ಅದನ್ನು ಕೇವಲವಾಗಿ ಕಾಣಬೇಡಿ. ಆದರೆ ತುಟ್ಟಿಭತ್ಯೆ, ಓವರ್‌ಟೈಮ್ ದರ, ನಿವೃತ್ತಿ ಹಣ ಇವೆಲ್ಲ ಮೂಲ ವೇತನದ ಮೇಲೆ ನಿಂತಿರುವ ಕಡೆಗಳಲ್ಲಿ, ಮೂಲ ವೇತನ ಏರದ ಒಪ್ಪಂದ ಮೂಗಿಗೆ ತುಪ್ಪ ಸವರಿದಂತೆಯೇ ಸರಿ. ಜರ್ಮನಿಯ ಒಪ್ಪಂದದಲ್ಲಿಯೂ ಮೂಲ ಸಂಬಳಕ್ಕೆ ಸೇರದ, ಕಂತುಗಳಲ್ಲಿ ಕೊಟ್ಟ ಒಟ್ಟು 3,000 ಯೂರೋ ಕೊಡುಗೆಯಿತ್ತು, ಆದರೆ ಅದರ ಹಿಂದೆಯೇ ಮೂಲ ಸಂಬಳದ ಏರಿಕೆಯ ದಿನಾಂಕವನ್ನೂ ಬರೆಸಿಕೊಂಡಿದ್ದರು.

ಹೊಸಬರಿಗೆ ಮಾತ್ರ ಕಡಿಮೆ ಎಂಬ ಷರತ್ತು ಬಂದರೆ, ಅದು ಇಂದು ಯಾರ ಜೇಬಿಗೂ ಕತ್ತರಿ ಹಾಕದಿರುವುದರಿಂದ ಸಭೆಯಲ್ಲಿ ವಿರೋಧಿಸುವವರೇ ಇರುವುದಿಲ್ಲ. ಇನ್ನೂ ಸೇರದವರಿಗೆ ಮತವಿಲ್ಲ. ಅವರ ಪರವಾಗಿ ನೀವೇ ಮಾತನಾಡಬೇಕು.

ಹಿರಿಯರನ್ನು ಒಪ್ಪಿಸುವ ವಿಷಯದಲ್ಲಿ, ತ್ಯಾಗ ಮಾಡಿ ಎಂದು ಕೇಳಿದರೆ ಸಿಗುವ ಬೆಂಬಲ ಸ್ವಲ್ಪ. ಎಲ್ಲರಿಗೂ ಒಂದು ಸಮಮೊತ್ತ, ಅದರ ಮೇಲೆ ಒಂದು ಶೇಕಡಾವಾರು ಎಂಬ ಮಿಶ್ರ ಸೂತ್ರವನ್ನು ಅಂಕಿಗಳೊಡನೆ ಮುಂದಿಡಿ. ಕೆಳಗಿನ ದರ್ಜೆ ತೀರಾ ಅಗ್ಗವಾಗಿದ್ದರೆ ಮೇಲಿನ ಕೆಲಸಗಳನ್ನು ಒಡೆದು ಆ ದರ್ಜೆಗೆ ಇಳಿಸುವ ಆಸೆ ಮಾಲೀಕರಿಗೆ ಹುಟ್ಟುತ್ತದೆ ಎಂಬುದನ್ನು ಅವರಿಗೆ ತಮ್ಮ ವಿಭಾಗದ್ದೇ ಉದಾಹರಣೆ ಕೊಟ್ಟು ತೋರಿಸಿ. ಇದು ಕಣ್ಣೆದುರಿಗೆ ಕಾಣುವ ಸಂಗತಿಯಾದ್ದರಿಂದ ವಾದಕ್ಕಿಂತ ಬೇಗ ಮನಸ್ಸಿಗೆ ನಾಟುತ್ತದೆ.

ಕರಡು ಒಪ್ಪಂದ ಸಿದ್ಧವಾದ ಮೇಲೆ ಅದರ ಪೂರ್ತಿ ಪಠ್ಯವನ್ನು ಸದಸ್ಯರೆಲ್ಲರಿಗೂ ಓದಲು ಬರುವ ಭಾಷೆಯಲ್ಲಿ, ಮತದಾನಕ್ಕೆ ಕೆಲವು ದಿನ ಮೊದಲೇ ಹಂಚಿ. ಪ್ರತಿ ದರ್ಜೆಗೆ ತಿಂಗಳಿಗೆ ಎಷ್ಟು ಹೆಚ್ಚುತ್ತದೆ ಎಂಬ ಕೋಷ್ಟಕ ಅದರ ಮೊದಲ ಪುಟದಲ್ಲೇ ಇರಲಿ. ಕೈ ಎತ್ತಿಸುವ ಬದಲು ಗುಪ್ತ ಮತದಾನ ಮಾಡಿಸಿ. ಸಭೆಯನ್ನು ಆಪರೇಟರುಗಳ ಪಾಳಿ ಮುಗಿಯುವ ಹೊತ್ತಿಗಷ್ಟೇ ಇಟ್ಟುಕೊಳ್ಳುವ ರೂಢಿ ನಿಮ್ಮಲ್ಲಿದ್ದರೆ ಅದನ್ನು ಬಿಡಿ. ರಾತ್ರಿ ಪಾಳಿಯವರಿಗೂ ಸ್ವಚ್ಛತೆಯವರಿಗೂ ಪ್ಯಾಕಿಂಗ್‌ನವರಿಗೂ ಬರಲು ಅನುಕೂಲವಾಗುವಂತೆ ಒಂದೇ ದಿನ ಎರಡು ಮೂರು ಹೊತ್ತಿನಲ್ಲಿ ಸಭೆ ನಡೆಸಿ, ಮತಪೆಟ್ಟಿಗೆಯನ್ನು ಕೊನೆಯ ಪಾಳಿ ಮುಗಿಯುವವರೆಗೂ ತೆರೆದಿಡಿ.